ಹಿಮದ ಮೇಲೆ ಇಳಿಯುವ ಹಳೆಯ ಪುಟ್ಟ ವಿಮಾನ: ಯಾವ ಸ್ಕೀ, ಯಾವ ಮಾಡೆಲ್?

ಸ್ಕೀ, ಅಂದರೆ ಹಿಮದ ಮೇಲೆ ಜಾರಲು ಕಾಲಿಗೆ ಹಾಕುವ ಉದ್ದನೆಯ ಹಲಗೆ, ಇರುವ ಹಳೆಯ ಪುಟ್ಟ ವಿಮಾನ ಕೊಳ್ಳುವ ಆಸೆ ಇರುವವರು ಸಾಮಾನ್ಯವಾಗಿ ಒಂದೇ ಪ್ರಶ್ನೆಯಿಂದ ಶುರು ಮಾಡುತ್ತಾರೆ: ಕಬ್ ತಗೊಳ್ಳಲಾ, ಚಾಂಪ್ ತಗೊಳ್ಳಲಾ? ಎರಡೂ ಇಬ್ಬರು ಕೂರುವ, ಬಟ್ಟೆ ಹೊದಿಸಿದ ಹಳೆಯ ಅಮೆರಿಕನ್ ವಿಮಾನಗಳು. ನಾನು ಆ ಪ್ರಶ್ನೆಯನ್ನು ಕೊನೆಗೆ ಇಡುತ್ತೇನೆ. ಚಳಿಗಾಲದಲ್ಲಿ ನಿಮ್ಮ ವಿಮಾನ ಎಲ್ಲಿ ನಿಂತಿರುತ್ತದೆ ಅನ್ನುವುದು ಮೊದಲು ತೀರ್ಮಾನ ಆಗಬೇಕು. ಡಾಂಬರು ರನ್‌ವೇ ಪಕ್ಕದ ಹ್ಯಾಂಗರಿನಲ್ಲಾ? ಹಿಮ ಮುಚ್ಚಿದ ಹುಲ್ಲಿನ ಪಟ್ಟಿಯ ಬದಿಯಲ್ಲಾ? ಹೆಪ್ಪುಗಟ್ಟಿದ ಸರೋವರದ ದಡದಲ್ಲಾ? ಯಾವ ಸ್ಕೀ ಬೇಕು ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ. ಆಮೇಲೆ, ನಿಮ್ಮ ಜೊತೆ ಹಾರುವವರು ಯಾರು, ಅವರ ಹತ್ತಿರ ಯಾವ ವಿಮಾನ ಇದೆ ಅನ್ನುವುದನ್ನು ನೋಡಿ. ಇವೆರಡು ಗೊತ್ತಾದರೆ ಮಾಡೆಲ್ ಆರಿಸುವುದು ಅಷ್ಟು ಕಷ್ಟವಲ್ಲ.

ಇಲ್ಲಿ ಹೇಳುವುದೆಲ್ಲ ಹೆಚ್ಚಾಗಿ ಅಮೆರಿಕದ ಉತ್ತರದ ರಾಜ್ಯಗಳು, ಅಲಾಸ್ಕಾ ಮತ್ತು ಕೆನಡಾಕ್ಕೆ ಹೊಂದುವಂಥದ್ದು. ಈ ಹವ್ಯಾಸ ಜೀವಂತವಾಗಿರುವುದು ಅಲ್ಲೇ. ನಿಯಮಗಳೂ ಅಲ್ಲಿಯವೇ.

ಸ್ಕೀಯಲ್ಲಿ ಮೂರು ಬಗೆ

ಮೊದಲನೆಯದು ನೇರ ಸ್ಕೀ. ಚಕ್ರ ಬಿಚ್ಚಿ, ಅದೇ ಆಕ್ಸಲ್‌ಗೆ ಸ್ಕೀ ಹಾಕುತ್ತೀರಿ, ಅಷ್ಟೇ. ಚಕ್ರದ ತೂಕ ಹೋಗಿ ಸ್ಕೀಯ ತೂಕ ಬರುವುದರಿಂದ ಒಟ್ಟು ಭಾರ ಜಾಸ್ತಿ ಏರುವುದಿಲ್ಲ. 65 ಹಾರ್ಸ್‌ಪವರ್‌ನ ಹಳೆಯ ವಿಮಾನಕ್ಕೆ ಇದು ದೊಡ್ಡ ವಿಷಯ. ಮಿನಿಯಾಪೊಲಿಸ್‌ನ ಫೆಡರಲ್ ಕಂಪನಿ ಮಾಡಿದ ಹಳೆಯ ಸ್ಕೀಗಳು ಈಗಲೂ ಕೈಯಿಂದ ಕೈಗೆ ಹೋಗುತ್ತಾ ಕೆಲಸ ಮಾಡುತ್ತಿವೆ. ಅಡಿಯಲ್ಲಿ ಉದ್ದಕ್ಕೆ ಒಂದು ಪಟ್ಟಿ ಇರುತ್ತದೆ. ಗಟ್ಟಿ ಮಂಜುಗಡ್ಡೆಯ ಮೇಲೆ ವಿಮಾನ ಪಕ್ಕಕ್ಕೆ ಜಾರದಂತೆ ಅದು ಹಿಡಿಯುತ್ತದೆ. ಕೊಳ್ಳುವಾಗ ಆ ಪಟ್ಟಿ ಎಷ್ಟು ಸವೆದಿದೆ ಅಂತ ಕೈಯಿಟ್ಟು ನೋಡಿ.

ನೇರ ಸ್ಕೀಯ ತೊಂದರೆ ಒಂದೇ, ಆದರೆ ಅದು ಚಿಕ್ಕದಲ್ಲ. ಹಿಮ ಇಲ್ಲದಿದ್ದರೆ ಅಲ್ಲಾಡುವ ಹಾಗಿಲ್ಲ. ಇಂಧನ ಹಾಕಿಸಲು ಪಕ್ಕದ ವಿಮಾನ ನಿಲ್ದಾಣಕ್ಕೆ ಹೋದರೆ ಅಲ್ಲಿ ರನ್‌ವೇಯ ಹಿಮವನ್ನೆಲ್ಲ ತೆಗೆದು ಡಾಂಬರು ಕಾಣುವಂತೆ ಮಾಡಿರುತ್ತಾರೆ. ಆಗ ರನ್‌ವೇ ಪಕ್ಕದ ಹುಲ್ಲಿನ ಮೇಲೆ ಹಿಮ ಇದೆಯಾ, ಅಲ್ಲಿ ಇಳಿಯಲು ಬಿಡುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಬೇಕು. ಬ್ರೇಕ್ ಅಂತೂ ಇಲ್ಲವೇ ಇಲ್ಲ. ಎಂಜಿನ್ ಶುರುವಾದ ಕ್ಷಣದಿಂದ ಜಾರುವ ಸಾಧ್ಯತೆ ಇದ್ದೇ ಇರುತ್ತದೆ. ಏರುವ ಮೊದಲು ಮಾಡುವ ಮ್ಯಾಗ್ನೆಟೋ (ಎಂಜಿನ್‌ಗೆ ಕಿಡಿ ಕೊಡುವ ಸಾಧನ) ಪರೀಕ್ಷೆಯನ್ನೂ ಸಾಗುತ್ತಲೇ ಮಾಡಬೇಕಾಗುತ್ತದೆ, ಇಲ್ಲವೇ ಬಾಲವನ್ನು ಏನಾದರೂ ಗಟ್ಟಿ ವಸ್ತುವಿಗೆ ಕಟ್ಟಿರಬೇಕು.

ಎರಡನೆಯದು ಪೆನೆಟ್ರೇಶನ್ ಸ್ಕೀ. ಚಕ್ರ ಹಾಗೇ ಉಳಿಯುತ್ತದೆ. ಸ್ಕೀಯಲ್ಲಿರುವ ಕಿಂಡಿಯಿಂದ ಅದು ಕೆಲವು ಇಂಚು ಕೆಳಗೆ ಚಾಚಿರುತ್ತದೆ. ಡಾಂಬರಿನ ಮೇಲೆ ಚಕ್ರದಲ್ಲಿ ಉರುಳಬಹುದು, ಹಿಮಕ್ಕೆ ಬಂದಾಗ ಸ್ಕೀ ತೇಲಿಸುತ್ತದೆ. ಬ್ರೇಕ್ ಇರುತ್ತದೆ. ಹ್ಯಾಂಗರ್ ಒಂದು ಕಡೆ, ಸರೋವರ ಇನ್ನೊಂದು ಕಡೆ ಇರುವವರಿಗೆ ಇದು ಸರಿಹೊಂದುತ್ತದೆ. ಆದರೆ ಆಳವಾದ ಮೆತ್ತನೆ ಹಿಮದಲ್ಲಿ ಚಾಚಿದ ಚಕ್ರ ಹಿಮ ಉಳುತ್ತಾ ಹೋಗುತ್ತದೆ, ವೇಗ ಏರುವುದೇ ಇಲ್ಲ. ತೂಕವೂ ಕೂಡುತ್ತದೆ. 65 ಹಾರ್ಸ್‌ಪವರ್‌ನಲ್ಲಿ ಇಬ್ಬರು ಕೂತು, ಪೆನೆಟ್ರೇಶನ್ ಸ್ಕೀ ಹಾಕಿ, ಮೊಣಕಾಲಷ್ಟು ಹೊಸ ಹಿಮದಿಂದ ಮೇಲೇಳುತ್ತೇನೆ ಅಂದುಕೊಳ್ಳಬೇಡಿ.

ಮೂರನೆಯದು ಹೈಡ್ರಾಲಿಕ್ ವೀಲ್-ಸ್ಕೀ. ಗಾಳಿಯಲ್ಲಿರುವಾಗಲೇ ಸ್ಕೀಯನ್ನು ಕೆಳಗಿಳಿಸಬಹುದು ಅಥವಾ ಮೇಲೆತ್ತಿ ಚಕ್ರವನ್ನು ಮುಂದೆ ಮಾಡಬಹುದು. ಚಕ್ರದಿಂದ ಸ್ಕೀಗೆ ಹಾರುತ್ತಲೇ ಬದಲಾಯಿಸುವ ಈ ಉಪಾಯ ಪರ್ವತಗಳ ಹಾರಾಟವನ್ನೇ ಬದಲಿಸಿತು. 1951ರಲ್ಲಿ ಪೈಲಟ್ ಟೆರಿಸ್ ಮೂರ್ ತಮ್ಮ ಸೂಪರ್ ಕಬ್‌ನಲ್ಲಿ (ಕಬ್‌ನದೇ ಹೆಚ್ಚು ಶಕ್ತಿಯ ರೂಪ) ಪರ್ವತಾರೋಹಿ ಬ್ರಾಡ್‌ಫರ್ಡ್ ವಾಶ್‌ಬರ್ನ್ ಅವರನ್ನು ಅಲಾಸ್ಕಾದ ಕಾಹಿಲ್ಟ್ನಾ ಹಿಮನದಿಯ ಮೇಲೆ ಇಳಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡ್‌ನ ಪೈಲಟ್ ಹರ್ಮನ್ ಗೈಗರ್ ಕಾಂಡರ್ ಹಿಮನದಿಯ ಮೇಲೆ ಇಳಿದರು, ಅದೂ ಸೂಪರ್ ಕಬ್‌ನಲ್ಲೇ. ಕಣಿವೆಯ ಹಸಿರು ನೆಲದಿಂದ ಚಕ್ರದಲ್ಲಿ ಏರಿ, ಮೇಲೆ ಹಿಮದಲ್ಲಿ ಸ್ಕೀಯಿಂದ ಇಳಿಯುವುದು ಅಲ್ಲಿಂದಾಚೆಗೆ ದಿನನಿತ್ಯದ ಕೆಲಸವಾಯಿತು. ನಮ್ಮಂಥ ಹವ್ಯಾಸಿಗಳ ಲೆಕ್ಕಕ್ಕೆ ಬಂದರೆ ಈ ಸ್ಕೀ ಭಾರ, ದುಬಾರಿ, ಪಂಪು ಪೈಪು ಅಂತ ನೋಡಿಕೊಳ್ಳುವ ಕೆಲಸ ಜಾಸ್ತಿ. ದೊಡ್ಡ ಎಂಜಿನ್‌ನ ಸೂಪರ್ ಕಬ್‌ಗೆ ಸರಿ. ಚಿಕ್ಕ ಕಬ್‌ಗೋ ಚಾಂಪ್‌ಗೋ ಖಂಡಿತ ಬೇಡ.

ಮೂರರಲ್ಲಿ ಯಾವುದಾದರೂ ಇರಲಿ, ಅಡಿಗೆ ಜಾರುವ ಪಾಲಿಎಥಿಲೀನ್ ಹಾಳೆ ಹಾಕಿದ್ದನ್ನೇ ಹುಡುಕಿ, ಇಲ್ಲದಿದ್ದರೆ ಹಾಕಿಸಿ. ಬರಿ ಲೋಹದ ಅಡಿ ಹಿಮಕ್ಕೆ ಬೇಗ ಅಂಟಿಕೊಳ್ಳುತ್ತದೆ. ಇಳಿಯುವಾಗ ಉಜ್ಜಿ ಬಿಸಿಯಾದ ಸ್ಕೀ ಅಡಿಯ ಹಿಮವನ್ನು ಸ್ವಲ್ಪ ಕರಗಿಸುತ್ತದೆ. ನೀವು ಕಾಫಿ ಕುಡಿದು ಬರುವಷ್ಟರಲ್ಲಿ ಆ ನೀರು ಮತ್ತೆ ಹೆಪ್ಪುಗಟ್ಟಿ ಸ್ಕೀಯನ್ನು ಹಿಡಿದುಬಿಟ್ಟಿರುತ್ತದೆ. ಅದಕ್ಕೇ ಅನುಭವಿಗಳು ಹಲಗೆ ತುಂಡಿನ ಮೇಲೋ, ಸ್ಪ್ರೂಸ್ ಮರದ ಟೊಂಗೆಗಳ ಮೇಲೋ ವಿಮಾನ ನಿಲ್ಲಿಸುತ್ತಾರೆ.

ಸ್ಕೀ ಅಂದರೆ ಹಿಮಕ್ಕೆ ಮಾತ್ರ ಅಂದುಕೊಳ್ಳಬೇಕಾಗಿಲ್ಲ ಅನ್ನುವುದಕ್ಕೆ ಅಲಾಸ್ಕಾದ ಪೈಲಟ್ ಬಾಬ್ ರೀವ್ ಅವರೇ ಸಾಕ್ಷಿ. 1930ರ ದಶಕದಲ್ಲಿ ಅವರು ಬೇಸಿಗೆಯಲ್ಲೂ ಸ್ಕೀ ಬಿಚ್ಚದೆ, ವಾಲ್ಡೀಜ್ ಊರಿನ ಕಡಲಂಚಿನ ಕೆಸರಿನ ಮೇಲಿಂದ ಏರಿ ಹಿಮನದಿಗಳ ಮೇಲೆ ಇಳಿಯುತ್ತಿದ್ದರು. ಓದಿದಾಗಲೆಲ್ಲ ಅಚ್ಚರಿಯಾಗುತ್ತದೆ, ಆದರೆ ಅನುಕರಿಸುವ ವಿಷಯ ಅಲ್ಲ.

ಜೊತೆಗಾರರು ಯಾಕೆ ಲೆಕ್ಕಕ್ಕೆ ಬರುತ್ತಾರೆ

ಬೇಸಿಗೆಯಲ್ಲಿ ಒಬ್ಬರೇ ಹಾರಿದರೂ ನಡೆಯುತ್ತದೆ. ಸ್ಕೀಯಲ್ಲಿ ಹಾಗಲ್ಲ. ಹೊಸ ಹಿಮ ಬಿದ್ದ ಸರೋವರಕ್ಕೆ ಮೂರ್ನಾಲ್ಕು ವಿಮಾನ ಒಟ್ಟಿಗೆ ಹೋದರೆ, ಎಲ್ಲಕ್ಕಿಂತ ಶಕ್ತಿ ಇರುವ ವಿಮಾನ ಮೊದಲು ಇಳಿದು ಅತ್ತಿಂದಿತ್ತ ಓಡಾಡಿ ಹಿಮವನ್ನು ಅಮುಕಿ ಒಂದು ಜಾಡು ಮಾಡುತ್ತದೆ. 65 ಹಾರ್ಸ್‌ಪವರ್‌ನವರು ಆ ಜಾಡಿನಲ್ಲೇ ಇಳಿದು, ಅದರಲ್ಲೇ ಏರುತ್ತಾರೆ. ನಿಮ್ಮ ಗುಂಪಿನಲ್ಲಿ ಒಬ್ಬರ ಹತ್ತಿರ ಸೂಪರ್ ಕಬ್ ಇದ್ದರೆ ನಿಮಗೆ ಚಿಕ್ಕ ಎಂಜಿನ್ ಸಾಕು ಅನ್ನುವುದು ಇದೇ ಕಾರಣಕ್ಕೆ. ನೀವು ಒಬ್ಬರೇ ಅಂತಾದರೆ ಲೆಕ್ಕವೇ ಬೇರೆ.

ಇನ್ನೊಂದು ಕಾರಣ ಹಿಮದ ಕೆಳಗಿನ ನೀರು. ಅಲ್ಲಿಯವರು ಇದನ್ನು ಓವರ್‌ಫ್ಲೋ ಅನ್ನುತ್ತಾರೆ. ಮೇಲಿನ ಹಿಮದ ಭಾರಕ್ಕೆ ಮಂಜುಗಡ್ಡೆ ಬಗ್ಗಿ, ಬಿರುಕಿನಿಂದ ನೀರು ಮೇಲೆ ಬಂದು ಹಿಮದ ಹೊದಿಕೆಯ ಅಡಿಯಲ್ಲಿ ನಿಂತಿರುತ್ತದೆ. ಮೇಲಿನಿಂದ ನೋಡಿದರೆ ಬೆಳ್ಳಗೆ ಚೆನ್ನಾಗೇ ಕಾಣುತ್ತದೆ. ಇಳಿದು ನಿಂತಿರೋ, ಸ್ಕೀ ಕೆಸರಿನಂಥ ನೀರಿನಲ್ಲಿ ಕೂತು ಹಾಗೇ ಹೆಪ್ಪುಗಟ್ಟುತ್ತದೆ. ಪರೀಕ್ಷಿಸುವ ರೀತಿ ಹೀಗೆ: ಹಾರುವ ವೇಗ ಬಿಡದೆ ಸ್ಕೀಯನ್ನು ಹಿಮದ ಮೇಲೆ ಸ್ವಲ್ಪ ದೂರ ಎಳೆದುಕೊಂಡು ಹೋಗಿ ಮತ್ತೆ ಏರಿ, ಒಂದು ಸುತ್ತು ಹಾಕಿ ಬಂದು ಜಾಡನ್ನು ನೋಡಿ. ಜಾಡು ಕಪ್ಪಾಗುತ್ತಿದ್ದರೆ ಅಲ್ಲಿ ನೀರಿದೆ, ಇಳಿಯಬೇಡಿ. ಇಷ್ಟೆಲ್ಲ ಮಾಡಿಯೂ ಸಿಕ್ಕಿಕೊಂಡರೆ ಸಲಿಕೆ, ಹಲಗೆ ಹಿಡಿದು ಬಾಲ ಅಲ್ಲಾಡಿಸಲು ಇನ್ನೊಬ್ಬರು ಬೇಕು, ಅಲ್ವಾ?

ಈ ಗುಂಪು ಎಲ್ಲಿ ಸಿಗುತ್ತದೆ? ವಿಸ್ಕಾನ್ಸಿನ್‌ನ ಓಷ್‌ಕೋಶ್‌ನಲ್ಲಿ ಹವ್ಯಾಸಿ ವಿಮಾನಿಗರ ಇಎಎ ಸಂಸ್ಥೆಯ ಪಯೋನಿಯರ್ ಏರ್‌ಪೋರ್ಟ್ ಇದೆ. ಅಲ್ಲಿಯ ಹುಲ್ಲಿನ ರನ್‌ವೇಗೆ ಜನವರಿಯಲ್ಲಿ ಸ್ಕೀ ವಿಮಾನಗಳನ್ನು ಕರೆಯುತ್ತಾರೆ. ನ್ಯೂ ಹ್ಯಾಂಪ್‌ಶೈರ್‌ನ ಆಲ್ಟನ್ ಬೇಯಲ್ಲಿ ವಿನಿಪಸಾಕಿ ಸರೋವರದ ಮೇಲೆಯೇ ಮಂಜುಗಡ್ಡೆಯ ರನ್‌ವೇ ಮಾಡುತ್ತಾರೆ. ಅಲಾಸ್ಕಾ ಬಿಟ್ಟರೆ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಒಪ್ಪಿದ ಮಂಜುಗಡ್ಡೆ ರನ್‌ವೇ ಇದೊಂದೇ. ಕನಿಷ್ಠ 12 ಇಂಚು ದಪ್ಪ ಕಟ್ಟಿದ ಮೇಲೆಯೇ ತೆರೆಯುತ್ತಾರೆ. ಅಂಥ ಕಡೆ ಒಂದು ದಿನ ಕಳೆಯಿರಿ. ಯಾವ ವಿಮಾನ ಎಷ್ಟು ದೂರ ಓಡಿ ಏರುತ್ತದೆ, ಎಂಜಿನ್ ಶುರು ಮಾಡಲು ಯಾರು ಕೈಯಲ್ಲಿ ಪ್ರೊಪೆಲ್ಲರ್ ತಿರುಗಿಸುತ್ತಿದ್ದಾರೆ, ಯಾರ ಕ್ಯಾಬಿನ್ ಬೆಚ್ಚಗಿದೆ ಎಲ್ಲ ಕಣ್ಣಿಗೆ ಬೀಳುತ್ತದೆ. ನಿಮ್ಮ ಸುತ್ತ ಮೂರು ಚಾಂಪ್ ಇವೆ, ಅಂಥದೇ ಇನ್ನೊಂದು ಹಳೆಯ ವಿಮಾನ ಟೇಲರ್‌ಕ್ರಾಫ್ಟ್ ಒಂದೂ ಇಲ್ಲ ಅಂದರೆ ನಾನು ಕಣ್ಣುಮುಚ್ಚಿ ಚಾಂಪ್ ಅನ್ನುತ್ತೇನೆ. ಸ್ಕೀಗೆ ಕಟ್ಟುವ ಬಂಜಿ ಹಗ್ಗದಿಂದ (ಎಳೆದರೆ ಹಿಗ್ಗುವ ರಬ್ಬರ್ ಹಗ್ಗ) ಹಿಡಿದು ಬಾಲದ ಸ್ಕೀವರೆಗೆ ಎರವಲು ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದನ್ನು ಹೇಗೆ ಕಟ್ಟಬೇಕು ಅಂತ ತೋರಿಸುವ ಕೈ ಸಿಗುತ್ತದೆ.

ಕಬ್ ಮತ್ತು ಚಾಂಪ್

ಪೈಪರ್ ಜೆ-3 ಕಬ್ 1938ರಿಂದ 1947ರವರೆಗೆ ಪೆನ್ಸಿಲ್ವೇನಿಯಾದ ಲಾಕ್ ಹೇವನ್‌ನಲ್ಲಿ ತಯಾರಾಯಿತು. ಸುಮಾರು 20,000 ಹೊರಬಂದವು. ಏರೋಂಕಾ 7ಎಸಿ ಚಾಂಪಿಯನ್, ಅಂದರೆ ಚಾಂಪ್, ಓಹಾಯೋದಲ್ಲಿ ಯುದ್ಧ ಮುಗಿಯುತ್ತಿದ್ದಂತೆ ಮಾರುಕಟ್ಟೆಗೆ ಬಂತು. ಹೆಚ್ಚಿನವುಗಳಲ್ಲಿ ಎಂಜಿನ್ ಒಂದೇ, 65 ಹಾರ್ಸ್‌ಪವರ್‌ನ ಕಾಂಟಿನೆಂಟಲ್ ಎ-65. ಗರಿಷ್ಠ ತೂಕವೂ ಒಂದೇ, 1,220 ಪೌಂಡ್. ಇಬ್ಬರೂ ಒಬ್ಬರ ಹಿಂದೆ ಒಬ್ಬರು ಕೂರುತ್ತಾರೆ. ಹಾಗಾದರೆ ವ್ಯತ್ಯಾಸ ಎಲ್ಲಿ?

ಮೊದಲ ವ್ಯತ್ಯಾಸ ಕೂರುವ ಜಾಗ. ಕಬ್‌ನಲ್ಲಿ ಒಬ್ಬರೇ ಹಾರುವಾಗ ಹಿಂದಿನ ಸೀಟಿನಲ್ಲಿ ಕೂರಬೇಕು. ಚಾಂಪ್‌ನಲ್ಲಿ ಮುಂದೆ. ನೆಲದ ಮೇಲೆ ಬಾಲ ತಗ್ಗಿ ಮೂಗು ಎತ್ತಿ ನಿಂತಿರುವ ವಿಮಾನದಲ್ಲಿ ಈ ವ್ಯತ್ಯಾಸ ತುಂಬಾ ದೊಡ್ಡದು. ಕಬ್‌ನ ಹಿಂದಿನ ಸೀಟಿನಿಂದ ಮುಂದೆ ಏನೂ ಕಾಣುವುದಿಲ್ಲ. ಹಾವಿನಂತೆ ಎಡಕ್ಕೆ ಬಲಕ್ಕೆ ತಿರುಗುತ್ತಾ ಸಾಗಬೇಕು. ಚಕ್ರ ಇದ್ದಾಗ ಬ್ರೇಕ್ ಒತ್ತಿ ತಿರುಗಿಸಬಹುದು. ಸ್ಕೀಯಲ್ಲಿ ಬಾಲದ ಚುಕ್ಕಾಣಿಯಾದ ರಡ್ಡರ್ ಒತ್ತಿ, ಥ್ರಾಟಲ್ ಒಮ್ಮೆ ಜೋರಾಗಿ ಕೊಟ್ಟು, ಆ ಗಾಳಿಯ ಹೊಡೆತಕ್ಕೆ ಬಾಲ ತಿರುಗಬೇಕು. ಅದಕ್ಕೆ ಜಾಗ ಬೇಕು. ಸರೋವರದ ಮೇಲೆ ನೀವೊಬ್ಬರೇ ಇರುವುದಿಲ್ಲ. ಸ್ನೋಮೊಬೈಲ್ ಓಡಾಡುತ್ತವೆ, ಮೀನು ಹಿಡಿಯುವವರ ಗುಡಿಸಲು ಇರುತ್ತವೆ, ಅವರು ಕೊರೆದ ತೂತುಗಳಿರುತ್ತವೆ. ಮುಂದೆ ಕೂತು ಮೂಗಿನ ಮೇಲಿಂದ ನೋಡುವ ಸೌಕರ್ಯಕ್ಕೆ ನಾನು ಚಾಂಪ್‌ಗೆ ಪೂರ್ತಿ ಅಂಕ ಕೊಡುತ್ತೇನೆ.

ಕಬ್ ಗೆಲ್ಲುವುದು ಬಾಗಿಲಿನಲ್ಲಿ. ಬಲಗಡೆ ಇಡೀ ಪಕ್ಕೆಯೇ ತೆರೆದುಕೊಳ್ಳುತ್ತದೆ, ಒಂದು ಭಾಗ ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಹಾರುವಾಗಲೂ ತೆರೆದಿಡಬಹುದು. ಮಾರ್ಚ್‌ನ ಬಿಸಿಲಿನಲ್ಲಿ, ಗಾಳಿ ಇಲ್ಲದ ಮಧ್ಯಾಹ್ನ, ಬಾಗಿಲು ತೆರೆದು ಹಿಮದ ಮೇಲೆ ತಗ್ಗಿನಲ್ಲಿ ಹಾರುವ ಸುಖ ಬೇರೆ ಯಾವ ವಿಮಾನವೂ ಕೊಡುವುದಿಲ್ಲ. ದಪ್ಪ ಕೋಟು, ದಪ್ಪ ಬೂಟು ಹಾಕಿದವರು ಇಳಿಯಲೂ ಸುಲಭ. ಜನವರಿಯ ಕೊರೆಯುವ ಚಳಿಯಲ್ಲಿ ಮಾತ್ರ ಅದೇ ಬಾಗಿಲಿನ ಸಂದಿಯಿಂದ ಗಾಳಿ ನುಗ್ಗುತ್ತದೆ. ಎರಡರ ಹೀಟರ್ ಬಗ್ಗೆಯೂ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಇಂಧನದಲ್ಲಿ ಅಂಥ ವ್ಯತ್ಯಾಸವಿಲ್ಲ. ಕಬ್‌ಗೆ 12 ಗ್ಯಾಲನ್, ಚಾಂಪ್‌ಗೆ 13. ಕಬ್‌ನ ಮೂಗಿನ ಮೇಲೆ ತಂತಿಯೊಂದು ಎದ್ದು ನಿಂತಿರುತ್ತದೆ. ಅದರ ತಳದಲ್ಲಿ ಕಾರ್ಕ್. ಇಂಧನ ಇಳಿದ ಹಾಗೆ ತಂತಿಯೂ ಇಳಿಯುತ್ತದೆ. ಕೆಡಲು ಅದರಲ್ಲಿ ಏನೂ ಇಲ್ಲ.

ತೂಕದ ಲೆಕ್ಕ ಒಮ್ಮೆ ಕೂತು ಮಾಡಿ. ಕಬ್ ಅಥವಾ ಚಾಂಪ್‌ನ ಖಾಲಿ ತೂಕ ಸುಮಾರು 750 ಪೌಂಡ್ ಅಂತಿಟ್ಟುಕೊಳ್ಳೋಣ. ಉಳಿಯುವುದು 470. ಚಳಿಗಾಲದ ಉಡುಪಿನಲ್ಲಿ ಒಬ್ಬರು 200 ಪೌಂಡ್ ಅಂದರೆ ಇಬ್ಬರಿಗೆ 400. ಪೂರ್ತಿ ಇಂಧನಕ್ಕೆ 72 ಪೌಂಡ್. ಆಗಲೇ 472 ಆಯಿತು. ಸಲಿಕೆ, ಹಿಮದಲ್ಲಿ ನಡೆಯುವ ಸ್ನೋಶೂ, ಮಲಗುವ ಚೀಲ, ಎಂಜಿನ್ ಹೊದಿಕೆ ಇದಕ್ಕೆಲ್ಲ ಜಾಗವೇ ಇಲ್ಲ. ಹಾಗಾಗಿ 65 ಹಾರ್ಸ್‌ಪವರ್‌ನ ಸ್ಕೀ ವಿಮಾನ ಅಂದರೆ ಒಬ್ಬರು ಮತ್ತು ಸಾಮಾನು, ಅಥವಾ ಇಬ್ಬರು ಮತ್ತು ಅರ್ಧ ಟ್ಯಾಂಕು. ಇದನ್ನು ಒಪ್ಪಿಕೊಂಡವರಿಗೆ ಇವೆರಡೂ ಅದ್ಭುತವಾದ ವಿಮಾನಗಳು.

ಬೆಲೆಯಲ್ಲಿ ಕಬ್ ಸಾಮಾನ್ಯವಾಗಿ ಮೇಲೆ. ಹೆಸರಿಗೆ, ಹಳದಿ ಬಣ್ಣಕ್ಕೆ ಜನ ಹಣ ಕೊಡುತ್ತಾರೆ. ಅದು ತಪ್ಪೇನಲ್ಲ, ಆ ಹಳದಿ ನೋಡಿದರೆ ನನಗೂ ಹಿಗ್ಗಾಗುತ್ತದೆ. ಆದರೆ ಸ್ಕೀಗಾಗಿಯೇ ಮೊದಲ ವಿಮಾನ ಅಂತ ಕೇಳಿದರೆ ನನ್ನ ಉತ್ತರ ಚಾಂಪ್, ನೇರ ಸ್ಕೀಯ ಜೊತೆ. ಉಳಿದ ಹಣ ಒಳ್ಳೆಯ ಹೊದಿಕೆಗೆ, ಹೀಟರ್‌ಗೆ, ಒಬ್ಬ ಸ್ಕೀ ಬಲ್ಲ ಬೋಧಕರ ಜೊತೆಗಿನ ಹಾರಾಟಕ್ಕೆ ಆಗುತ್ತದೆ.

ಟೇಲರ್‌ಕ್ರಾಫ್ಟ್ ಮತ್ತು ಸೆಸ್ನಾ 140

ಟೇಲರ್‌ಕ್ರಾಫ್ಟ್ ಬಿಸಿ-12ಡಿಯನ್ನು ಹಿಂದಿಟ್ಟವರೇ ಜಾಸ್ತಿ. ನನಗೆ ಅದರ ಮೇಲೆ ತುಂಬಾ ಪ್ರೀತಿ. ಕಬ್‌ನ ಮೂಲ ವಿನ್ಯಾಸದಲ್ಲಿದ್ದ ಸಿ.ಜಿ. ಟೇಲರ್, ಪಾಲುದಾರ ವಿಲಿಯಂ ಪೈಪರ್ ಅವರಿಂದ ಬೇರೆಯಾಗಿ ಕಟ್ಟಿದ ಕಂಪನಿ ಇದು. ಅದೇ 65 ಹಾರ್ಸ್‌ಪವರ್ ಎಂಜಿನ್, ಆದರೆ ಗಂಟೆಗೆ 90 ಮೈಲಿಗೂ ಮೀರಿ ಸಾಗುತ್ತದೆ. ಕಬ್ 75ರ ಆಸುಪಾಸು. ಎದುರುಗಾಳಿ ಇದ್ದ ದಿನ, ಕತ್ತಲು ಬೇಗ ಕವಿಯುವ ಡಿಸೆಂಬರ್‌ನಲ್ಲಿ, ಈ ವ್ಯತ್ಯಾಸ ಮನೆ ಸೇರಿಸುತ್ತದೆ. ರೆಕ್ಕೆ ಗಾಳಿಯಲ್ಲಿ ಚೆನ್ನಾಗಿ ತೇಲುವುದರಿಂದ ಇಳಿಯುವಾಗ ನೆಲದ ಮೇಲೆ ಬಹಳ ದೂರ ತೇಲುತ್ತದೆ ಅನ್ನುವ ದೂರು ಇದೆ. ಚಿಕ್ಕ ಹುಲ್ಲಿನ ಪಟ್ಟಿಯಲ್ಲಿ ಅದು ನಿಜವಾದ ತೊಂದರೆ. ಮೈಲಿಗಟ್ಟಲೆ ಸರೋವರದ ಮೇಲೆ ಏನೂ ಅಲ್ಲ.

ಅದರ ಕೊರತೆ ಅಗಲ. ಇಬ್ಬರೂ ಅಕ್ಕಪಕ್ಕ ಕೂರಬೇಕು, ದಪ್ಪ ಜಾಕೆಟ್ ಹಾಕಿದರೆ ಭುಜಕ್ಕೆ ಭುಜ ಒತ್ತುತ್ತದೆ. ಹೊರಗೆ ನೋಡುವುದೂ ಕಬ್‌ನಷ್ಟು ಸಲೀಸಲ್ಲ. ಒಬ್ಬರೇ ಹಾರುವವರಿಗೆ, ದೂರದ ಗೆಳೆಯರ ಸರೋವರಕ್ಕೆ ಹೋಗಿಬರುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಸೆಸ್ನಾ 140 ಬೇರೆಯೇ ಜಾತಿ. 1946ರಲ್ಲಿ ಬಂತು. ಲೋಹದ ಮೈ, 85 ಹಾರ್ಸ್‌ಪವರ್, ಸ್ಟಾರ್ಟರ್, ಬ್ಯಾಟರಿ, ನಿಧಾನವಾಗಿ ಇಳಿಯಲು ರೆಕ್ಕೆಯಿಂದ ಕೆಳಗಿಳಿಸುವ ಫ್ಲ್ಯಾಪ್. ಗರಿಷ್ಠ ತೂಕ 1,450 ಪೌಂಡ್. ಮಂಜುಗಡ್ಡೆಯ ಮೇಲೆ ನಿಂತು ಕೈಯಲ್ಲಿ ಪ್ರೊಪೆಲ್ಲರ್ ತಿರುಗಿಸಬೇಕಾಗಿಲ್ಲ ಅನ್ನುವುದು ಇದರ ದೊಡ್ಡ ಬಲ. ಎ-65 ಎಂಜಿನ್‌ನ ಹಳೆಯ ವಿಮಾನಗಳಲ್ಲಿ ಹೆಚ್ಚಿನವಕ್ಕೆ ಸ್ಟಾರ್ಟರ್ ಇಲ್ಲ. ಕಾಲು ಜಾರುವ ನೆಲ, ಎದುರಿಗೆ ತಿರುಗುವ ಪ್ರೊಪೆಲ್ಲರ್, ಬ್ರೇಕ್ ಇಲ್ಲದ ವಿಮಾನ. ಮೂರೂ ಒಟ್ಟಿಗೆ ಸೇರುವ ಆ ಕ್ಷಣವೇ ಸ್ಕೀ ಹಾರಾಟದಲ್ಲಿ ನನಗೆ ಎಲ್ಲಕ್ಕಿಂತ ಹೆದರಿಕೆ ತರುವುದು. ಬೂಟಿಗೆ ಮೊಳೆ ಪಟ್ಟಿ ಕಟ್ಟಿ, ಬಾಲವನ್ನು ಗಟ್ಟಿಯಾಗಿ ಕಟ್ಟಿ, ಒಳಗೆ ತಿಳಿದವರೊಬ್ಬರನ್ನು ಕೂರಿಸಿ, ಆಮೇಲೆ ಕೈ ಹಾಕಬೇಕು. ಇದು ಬೇಡ ಅನ್ನುವವರು ಸಂಕೋಚವಿಲ್ಲದೆ ಸೆಸ್ನಾ ನೋಡಿ.

ಹೊರಗೆ ನಿಲ್ಲಿಸುವವರಿಗೂ ಲೋಹದ ಮೈ ಒಳ್ಳೆಯದು. ಆದರೆ 140ರ ರೆಕ್ಕೆ ಬಟ್ಟೆಯದೇ, ಲೋಹದ ರೆಕ್ಕೆ ಬಂದದ್ದು ಆಮೇಲಿನ 140ಎಯಲ್ಲಿ. ಸೆಸ್ನಾದ ಕೊರತೆ ಅಂದರೆ ಭಾರ. ಆಳ ಹಿಮದಲ್ಲಿ ಹಗುರವಾದ ಚಾಂಪ್ ಒಬ್ಬರನ್ನು ಹೊತ್ತು ಏರುವಲ್ಲಿ 140 ಒದ್ದಾಡುತ್ತದೆ. ಹದವಾಗಿ ಅಮುಕಿದ ಹಿಮದ ಪಟ್ಟಿಗೆ ಸರಿ, ಹೊಸ ಹಿಮದ ಕಾಡು ಸರೋವರಕ್ಕೆ ಅಲ್ಲ.

ಲೈಸೆನ್ಸ್ ವಿಷಯದಲ್ಲಿ ಈಚೆಗೆ ಒಂದು ಬದಲಾವಣೆ ಆಗಿದೆ. ಅಮೆರಿಕದಲ್ಲಿ ಸ್ಪೋರ್ಟ್ ಪೈಲಟ್ (ಚಿಕ್ಕ ವಿಮಾನಗಳಿಗೆ ಮಾತ್ರ ಸೀಮಿತವಾದ ಸರಳ ಲೈಸೆನ್ಸ್) ಆಗಿ ಹಾರುವವರಿಗೆ 1,320 ಪೌಂಡ್ ಮಿತಿ ಇತ್ತು. ಅದಕ್ಕೇ ಕಬ್, ಚಾಂಪ್, ಟೇಲರ್‌ಕ್ರಾಫ್ಟ್‌ಗೆ ಬೇಡಿಕೆ, 140 ಹೊರಗೆ. 2025ರ ಅಕ್ಟೋಬರ್ 22ರಿಂದ ತೂಕದ ಬದಲು ಸ್ಟಾಲ್ ವೇಗ, ಅಂದರೆ ರೆಕ್ಕೆ ವಿಮಾನವನ್ನು ಹೊರಬಲ್ಲ ಕನಿಷ್ಠ ವೇಗ, ನೋಡುತ್ತಾರೆ, ಫ್ಲ್ಯಾಪ್ ಇಲ್ಲದೆ 59 ನಾಟ್ ಮಿತಿ. ಸೆಸ್ನಾ 140 ಅದರೊಳಗೆ ಆರಾಮವಾಗಿ ಬರುತ್ತದೆ. ಹಳೆಯ ಹೋಲಿಕೆಗಳನ್ನು ಓದುವಾಗ ಇದನ್ನು ನೆನಪಿಡಿ. ಟೇಲ್‌ವೀಲ್ ಎಂಡಾರ್ಸ್‌ಮೆಂಟ್, ಅಂದರೆ ಬಾಲದಲ್ಲಿ ಚಕ್ರ ಇರುವ ವಿಮಾನ ಹಾರಿಸಬಹುದು ಅಂತ ಬೋಧಕರು ಬರೆದುಕೊಡುವ ಒಪ್ಪಿಗೆ, ಎಲ್ಲಕ್ಕೂ ಬೇಕು. ಸ್ಕೀಗೆ ಅಂತ ಬೇರೆ ಎಂಡಾರ್ಸ್‌ಮೆಂಟ್ ಕಾನೂನು ಕೇಳುವುದಿಲ್ಲ. ಇನ್ಶೂರೆನ್ಸ್ ಕೇಳಬಹುದು, ಪಾಲಿಸಿಯಲ್ಲಿ ಸ್ಕೀ ಅನ್ನುವ ಪದ ಹುಡುಕಿ.

ಸೂಪರ್ ಕಬ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಪಿಎ-18, 1949ರಿಂದ ತಯಾರಾಯಿತು, 150 ಹಾರ್ಸ್‌ಪವರ್‌ವರೆಗೆ ಬಂತು, ಗರಿಷ್ಠ 1,750 ಪೌಂಡ್. ಸ್ಕೀಗೆ ಇದಕ್ಕಿಂತ ಒಳ್ಳೆಯದು ಈ ವರ್ಗದಲ್ಲಿ ಇಲ್ಲ. ಹಣ ಇದೆ, ಒಂಟಿಯಾಗಿ ದೂರ ಹೋಗುತ್ತೀರಿ, ಪರ್ವತದ ಕಡೆ ಕಣ್ಣಿದೆ ಅಂದರೆ ಯೋಚಿಸಬೇಡಿ. ವಾರಾಂತ್ಯದಲ್ಲಿ ಪಕ್ಕದ ಸರೋವರಕ್ಕೆ ಹೋಗಿ ಗೆಳೆಯರ ಜೊತೆ ಸೂಪು ಕುಡಿದು ಬರುವುದಾದರೆ ಅಷ್ಟು ಹಣ ಸುರಿಯುವ ಅಗತ್ಯವಿಲ್ಲ.

ಚಳಿ ಮತ್ತು ಎಂಜಿನ್

ಇಲ್ಲಿ ಮಾಡೆಲ್‌ಗಳ ನಡುವೆ ದೊಡ್ಡ ಜಗಳವಿಲ್ಲ, ಎಲ್ಲಕ್ಕೂ ಒಂದೇ ಕಷ್ಟ. ಉಷ್ಣತೆ ಮೈನಸ್ 7 ಡಿಗ್ರಿಗಿಂತ ಕೆಳಗಿಳಿದರೆ ಕಾಂಟಿನೆಂಟಲ್ ಎಂಜಿನನ್ನು ಮೊದಲು ಬಿಸಿ ಮಾಡಿಯೇ ಶುರು ಮಾಡಬೇಕು. ಹ್ಯಾಂಗರಿನಲ್ಲಿ ಕರೆಂಟ್ ಇದ್ದರೆ ಟಾನಿಸ್ ಅಥವಾ ರೀಫ್ ಹೀಟರ್ ಹಾಕಿಸಿ, ಮೇಲೆ ಹೊದಿಕೆ ಮುಚ್ಚಿಬಿಡಿ. ಸರೋವರದ ದಡದಲ್ಲಿ ಕರೆಂಟ್ ಇಲ್ಲ ಅಂದರೆ ಚಿಕ್ಕ ಎಂಜಿನ್ನೇ ವಾಸಿ. ಎ-65ಗೆ 4 ಕ್ವಾರ್ಟ್ ಎಣ್ಣೆ ಸಾಕು. ಸಂಜೆ ಬಿಸಿ ಇರುವಾಗಲೇ ಅದನ್ನು ಡಬ್ಬಿಗೆ ಇಳಿಸಿ ಒಳಗೆ ಒಯ್ದು, ಬೆಳಿಗ್ಗೆ ಬೆಚ್ಚಗೆ ಮಾಡಿ ಮತ್ತೆ ಹಾಕುವ ಹಳೆಯ ಪದ್ಧತಿ ಈಗಲೂ ನಡೆಯುತ್ತದೆ.

ಬ್ರೀದರ್ ಕೊಳವೆಯನ್ನು ಮಾತ್ರ ಮರೆಯಬೇಡಿ. ಎಂಜಿನ್ ಒಳಗಿನ ತೇವ ಈ ಕೊಳವೆಯ ತುದಿಯಲ್ಲಿ ಹೆಪ್ಪುಗಟ್ಟಿ ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗೆ ಒತ್ತಡ ಏರಿ ಮುಂದಿನ ಕ್ರ್ಯಾಂಕ್‌ಶಾಫ್ಟ್ ಸೀಲ್ ಕಿತ್ತು ಬರುತ್ತದೆ, ಎಣ್ಣೆಯೆಲ್ಲ ಹೊರಗೆ. ಅದಕ್ಕೆ ಕೊಳವೆಯಲ್ಲಿ ಇನ್ನೂ ಬೆಚ್ಚಗಿರುವ ಕಡೆ ಒಂದು ಚಿಕ್ಕ ಸೀಳು ಇರಬೇಕು. ವಿಮಾನ ನೋಡಲು ಹೋದಾಗ ಆ ಸೀಳನ್ನು ಬೆರಳಿಟ್ಟು ಹುಡುಕಿ. ಇದ್ದರೆ ಹಿಂದಿನ ಮಾಲೀಕರು ಚಳಿಯಲ್ಲಿ ನಿಜವಾಗಿ ಹಾರಿಸಿದವರು.

ಕೈಕೆಲಸ ಮಾಡುವವರಿಗೆ

ಸ್ಕೀ ಕಟ್ಟುವ ಕೆಲಸದ ಜೀವಾಳ ಬಂಜಿ ಮತ್ತು ಕೇಬಲ್. ಮುಂದಿನ ಬಂಜಿ ಸ್ಕೀಯ ಮೂತಿಯನ್ನು ಮೇಲೆ ಎಳೆದಿಡುತ್ತದೆ. ಮುಂದೊಂದು ಹಿಂದೊಂದು ಕೇಬಲ್, ಸ್ಕೀ ಎಷ್ಟು ಬಾಗಬಹುದು ಅನ್ನುವ ಮಿತಿ ಹಾಕುತ್ತದೆ. ಬಂಜಿ ತುಂಡಾದರೆ ಗಾಳಿಯ ಒತ್ತಡಕ್ಕೆ ಸ್ಕೀಯ ಮೂತಿ ಕೆಳಗೆ ಬೀಳುತ್ತದೆ. ಆಗ ಅದು ಲಂಬವಾಗಿ ತಿರುಗಿ ವಿಮಾನವನ್ನೇ ಎಳೆದು ಬೀಳಿಸದಂತೆ ತಡೆಯುವುದು ಮುಂದಿನ ಕೇಬಲ್ ಮಾತ್ರ. ಹಾಗಾಗಿ ಬಂಜಿಗೆ ವಯಸ್ಸಿದೆ ಅಂತ ತಿಳಿದು ಬದಲಿಸಿ, ಕೇಬಲ್‌ನ ತುದಿಯಲ್ಲಿ ತುಕ್ಕು ಇದ್ದರೆ ಇಟ್ಟುಕೊಳ್ಳಲೇಬೇಡಿ.

ಅಮೆರಿಕದ ನಿಯಮದಲ್ಲಿ ಚಕ್ರ ಬಿಚ್ಚಿ ಸ್ಕೀ ಹಾಕುವುದನ್ನು, ತೂಕದ ಲೆಕ್ಕ ಹೊಸದಾಗಿ ಮಾಡುವ ಅಗತ್ಯ ಇಲ್ಲದಿದ್ದರೆ, ಪೈಲಟ್ ಆಗಿರುವ ಮಾಲೀಕರೇ ಮಾಡಿ ಲಾಗ್‌ಬುಕ್‌ನಲ್ಲಿ ಬರೆಯಬಹುದು. ಮೊದಲ ಸಲ ಕೂರಿಸುವಾಗ ಮಾತ್ರ ಮೆಕ್ಯಾನಿಕ್ ಬೇಕು. ಆ ಸ್ಕೀ ವಿಮಾನದ ಟೈಪ್ ಸರ್ಟಿಫಿಕೇಟ್ ಹಾಳೆಯಲ್ಲೇ (ಆ ಮಾಡೆಲ್‌ಗೆ ಒಪ್ಪಿಗೆ ಇರುವ ಭಾಗಗಳ ಸರ್ಕಾರಿ ದಾಖಲೆ) ಇದೆಯಾ, ಇಲ್ಲದಿದ್ದರೆ ದೊಡ್ಡ ಬದಲಾವಣೆ ದಾಖಲಿಸುವ 337 ಫಾರಂ ಆಗಿದೆಯಾ ಅಂತ ನೋಡಬೇಕು. ಕೆನಡಾದಲ್ಲಿ ಪಟ್ಟಿಯಲ್ಲಿರುವ ಹಳೆಯ ಚಿಕ್ಕ ವಿಮಾನಗಳಿಗೆ ಓನರ್-ಮೇಂಟೆನೆನ್ಸ್ ಅನ್ನುವ ವರ್ಗ ಇದೆ. ಎಲ್ಲ ಕೆಲಸವನ್ನೂ ನೀವೇ ಮಾಡಬಹುದು. ಕೈ ಕೊಳೆ ಮಾಡಿಕೊಳ್ಳುವುದೇ ಸಂತೋಷ ಅನ್ನುವವರಿಗೆ ಅದು ಸ್ವರ್ಗ. ಆದರೆ ಆ ವಿಮಾನವನ್ನು ಅಮೆರಿಕಕ್ಕೆ ಹಾರಿಸಿಕೊಂಡು ಹೋಗುವ ಹಾಗಿಲ್ಲ, ಮುಂದೆ ಅಲ್ಲಿ ಮಾರುವುದೂ ಕಷ್ಟ.

ನೋಡಲು ಹೋದಾಗ ಪ್ರತಿ ಮಾಡೆಲ್‌ನಲ್ಲೂ ಒಂದೊಂದು ಜಾಗಕ್ಕೆ ಹೆಚ್ಚು ಹೊತ್ತು ಕೊಡಿ. ಕಬ್‌ನಲ್ಲಿ ರೆಕ್ಕೆಗೆ ಆನಿಸಿದ ಸ್ಟ್ರಟ್ ಒಳಗಿಂದ ತುಕ್ಕು ಹಿಡಿಯುತ್ತದೆ. ಅದಕ್ಕೆ ಎಫ್‌ಎಎ ಕಡ್ಡಾಯ ತಪಾಸಣೆ ಇದೆ, ಆ ದಾಖಲೆ ಕೇಳಿ. ಚಾಂಪ್ ಮತ್ತು ಟೇಲರ್‌ಕ್ರಾಫ್ಟ್‌ನಲ್ಲಿ ರೆಕ್ಕೆಯೊಳಗಿನ ಮರದ ಉದ್ದ ತೊಲೆ, ಅಂದರೆ ಸ್ಪಾರ್, ಬಿರುಕು ಇದೆಯಾ ಅಂತ. ಸೆಸ್ನಾದಲ್ಲಿ ಲ್ಯಾಂಡಿಂಗ್ ಗೇರ್ ಕೂರುವ ಪೆಟ್ಟಿಗೆಯ ಸುತ್ತ. ಬಟ್ಟೆಯ ವಿಮಾನ ಯಾವುದೇ ಆಗಲಿ, ಬಾಲದ ಕಡೆಯ ಕೆಳಗಿನ ಉಕ್ಕಿನ ಕೊಳವೆ ನೋಡಿ, ನೀರು ಇಳಿದು ನಿಲ್ಲುವುದು ಅಲ್ಲಿ. ಸ್ಕೀಯ ಮೇಲೆ ಕಂಪನಿಯ ತಗಡು ಇರಬೇಕು, ಅದರಲ್ಲಿ ಬರೆದ ತೂಕ ನಿಮ್ಮ ವಿಮಾನದ ಗರಿಷ್ಠ ತೂಕಕ್ಕೆ ಸಾಲಬೇಕು. ತಗಡು ಇಲ್ಲದ ಸ್ಕೀ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡಿ. ಕೊನೆಗೆ ವಿಮಾನದ ತೂಕ ಮತ್ತು ಸಮತೋಲನ ಬರೆದ ವೇಟ್ ಅಂಡ್ ಬ್ಯಾಲೆನ್ಸ್ ಹಾಳೆ ಎರಡು ಕೇಳಿ, ಚಕ್ರದ್ದು ಒಂದು, ಸ್ಕೀಯದ್ದು ಒಂದು. ಎರಡನೆಯದು ಇಲ್ಲ ಅಂದರೆ ದುಡ್ಡು ಕೊಡುವ ಮೊದಲೇ ಸ್ಕೀ ಹಾಕಿಸಿ ತಕ್ಕಡಿಗೆ ಇಡಿಸಿ. ಆ ಖರ್ಚು ಮಾರುವವರದ್ದು.